ಹಿತ್ತಲ ಕಣ್ಣು

ಮಗಳು ಸಿಸಿಟಿವಿ ಕೂರಿಸುವ ತರಬೇತಿಗೆ ಸೇರಿದಾಗ, "ಹುಡುಗಿ ಏಣಿ ಹತ್ತೋದಾ?" ಅಂತ ಮೂಗು ಮುರಿದವಳು ನಾನೇ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ರಾತ್ರಿ ಕೇಬಲ್ ಸುಲಿದು, 8 ಬಣ್ಣದ ಎಳೆಗಳನ್ನು ಜಡೆ ಬಿಚ್ಚಿದ ಹಾಗೆ ಬಿಡಿಸಿ ಸಾಲಾಗಿ ಜೋಡಿಸುತ್ತಿದ್ದಳು. ಅದೊಂದರಲ್ಲೇ ಕರೆಂಟೂ ಚಿತ್ರವೂ ಹರಿಯುತ್ತವಂತೆ. ಉದ್ದ ಮಾತ್ರ 100 ಮೀಟರ್ ದಾಟಬಾರದಂತೆ.

ಮೊನ್ನೆ ನಮ್ಮ ಹಿತ್ತಲ ಕ್ಯಾಮೆರಾ ನೋಡಿ, "ಅಮ್ಮಾ, ಪಾಸ್‌ವರ್ಡ್ ಬದಲಾಯಿಸಿದ್ಯಾ?" ಅಂದಳು. ಎಲ್ಲಿಯದು! ಎರಡು ವರ್ಷದಿಂದ ಕಂಪನಿಯವರು ಇಟ್ಟದ್ದೇ ಇದೆ. 2016ರಲ್ಲಿ 'ಮಿರಾಯ್' ಎಂಬ ವೈರಸ್, ಹೀಗೆ ಬದಲಾಯಿಸದೆ ಬಿಟ್ಟ ಪಾಸ್‌ವರ್ಡ್‌ಗಳಿಂದಲೇ ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿತ್ತಂತೆ.

ತಲೆಗೆ ನೀರು ಹಾಕಿಕೊಂಡು ನಾನು ಕೂದಲು ಒಣಗಿಸುವುದು ಅದರೆದುರಿಗೇ ಕಣ್ರೀ. ಎದೆ ಝಲ್ಲೆಂದಿತು.

ಪಾಸ್‌ವರ್ಡ್ ಬದಲಾಯಿಸಿ, ಕ್ಯಾಮೆರಾವನ್ನು ಕಾಂಪೌಂಡ್ ಕಡೆಗೆ ತಿರುಗಿಸಿದಳು. ಕೆಳಗೆ ಏಣಿ ಹಿಡಿದು ನಿಂತಿದ್ದೆ.