ಮಾವನ ಪಿಕಪ್ಪಿಗೆ ಇನ್ನೊಂದು ಅಡಿ

ಡಲ್ಲಾಸಿನಲ್ಲಿರುವ ಗೆಳೆಯ ತನ್ನ ಫೋರ್ಡ್ ಎಫ್-150 ಫೋಟೊ ಕಳಿಸಿ, ‘ಫುಲ್ ಸೈಜ್ ಪಿಕಪ್ ಅಂದ್ರೆ ಇದು ನೋಡು’ ಎಂದ. ಹಿಂದಿನ ತೊಟ್ಟಿಯಲ್ಲಿ ಇದ್ದದ್ದು ಒಂದೇ ಒಂದು ಸೈಕಲ್ಲು! ನನ್ನ ಸೋದರಮಾವನ ಬೊಲೆರೊ ಪಿಕಪ್ ಅದಕ್ಕಿಂತ ಚಿಕ್ಕದು, ಆದರೆ ಹುಮನಾಬಾದಿನಿಂದ ರಾತ್ರಿ ಹೊರಟರೆ ಬೆಳಗಾಗುವುದರೊಳಗೆ ಬೋವೆನ್‌ಪಲ್ಲಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಇಳಿಸುತ್ತದೆ. ಆಮೇಲೆ ಕೂಕಟ್‌ಪಲ್ಲಿ, ಮಿಯಾಪುರದ ಕಡೆ ರೂಮು ಬದಲಿಸುವ ನಮ್ಮೂರ ಹುಡುಗರ ಮಂಚ, ಕೂಲರು, ಗ್ಯಾಸ್ ಸಿಲಿಂಡರು. ಹೈದರಾಬಾದಿಗೆ ಬಂದ ಬೀದರಿನವರಲ್ಲಿ ಎಷ್ಟೋ ಜನರ ಮೊದಲ ಸಂಸಾರ ಇಂಥ ಗಾಡಿಯ ಬೆನ್ನ ಮೇಲೇ ಊರು ಸುತ್ತಿದೆ.

ಮಾವ ಬರುವ ದಾರಿಯಲ್ಲೇ ಜಹೀರಾಬಾದ್ ಸಿಗುತ್ತದೆ. ಫ್ರಿಜ್ಜು, ವಾಚು ಮಾಡುತ್ತಿದ್ದ ಹೈದರಾಬಾದ್ ಆಲ್ವಿನ್ ಕಂಪನಿ ಎಂಬತ್ತರ ದಶಕದಲ್ಲಿ ಜಪಾನಿನ ನಿಸ್ಸಾನ್ ಜೊತೆ ಸೇರಿ ಕ್ಯಾಬ್‌ಸ್ಟಾರ್ ಎಂಬ ಪುಟ್ಟ ಟ್ರಕ್ಕು ತಯಾರಿಸಿದ್ದು ಅಲ್ಲೇ. ಕಾರ್ಖಾನೆ ನಂತರ ಮಹೀಂದ್ರ ಕೈಗೆ ಬಂತು. 2005ರಲ್ಲಿ ಟಾಟಾ ಏಸ್ ಬಂದಾಗ ಜನ ಅದಕ್ಕೆ ‘ಛೋಟಾ ಹಾಥಿ’ ಎಂದು ಹೆಸರಿಟ್ಟರು. ಗಲ್ಲಿಗೆ ಅದು ಸರಿ. ಹೈವೇ ಮೇಲೆ 150 ಕಿಲೋಮೀಟರು ಭಾರ ಹೊರುವವರು ಮಾತ್ರ ಬೊಲೆರೊವನ್ನು ಬಿಡಲಿಲ್ಲ.

ಮಾವ 2018ರಲ್ಲಿ ಕೊಂಡದ್ದು 1.7 ಟನ್ನಿನದು, ತೊಟ್ಟಿ ಒಂಬತ್ತು ಅಡಿ. 2023ರ ಏಪ್ರಿಲ್‌ನಲ್ಲಿ ಬಂದ ಬೊಲೆರೊ ಮ್ಯಾಕ್ಸ್ ಸಾಲಿನಲ್ಲಿ ಭಾರ 2 ಟನ್ನಿನವರೆಗೆ, ತೊಟ್ಟಿ 3050 ಮಿಲಿಮೀಟರಿನವರೆಗೆ, ಅಂದರೆ ಸರಿಯಾಗಿ ಹತ್ತು ಅಡಿ. ಡ್ರೈವರ್ ಸೀಟನ್ನು ಎತ್ತರಿಸಬಹುದು, ತಿರುವಿನಲ್ಲಿ ಬೆಳಕು ಬೀಳಲು ಬೇರೆ ದೀಪ. ಗಾಡಿ ಎಲ್ಲಿದೆ, ಹೇಗಿದೆ ಎಂಬುದೆಲ್ಲ ಮೊಬೈಲಿನ ಆ್ಯಪ್‌ನಲ್ಲಿ. (ಮಾವನ ಮಟ್ಟಿಗೆ ಈ ಆ್ಯಪ್ ಎಂದರೆ ಅತ್ತೆಯ ಕೈಗೆ ಸಿಕ್ಕ ಇನ್ನೊಂದು ಫೋನು.)

ಶೋರೂಮಿಗೆ ಅವರು ಟೇಪು ಹಿಡಿದೇ ಬಂದರು. ತೊಟ್ಟಿ ಅಳೆದರು, ಬಾನೆಟ್ ತೆಗೆಸಿದರು. ಹಳೇ ಗಾಡಿ ಕೆಟ್ಟರೆ ಸದಾಶಿವಪೇಟೆಯ ಹತ್ತಿರ ರಸ್ತೆ ಬದಿಯಲ್ಲೇ ಸ್ಪ್ಯಾನರ್ ಹಿಡಿದು ಕೂರುವವರು ಅವರು. 2020ರ ಬಿಎಸ್-6 ನಿಯಮ ಬಂದಮೇಲೆ ಡೀಸೆಲ್ ಎಂಜಿನ್ನಿಗೆ ಸೆನ್ಸರುಗಳು ಹೆಚ್ಚಿವೆ, ದೋಷ ಹುಡುಕಲು ಸ್ಕ್ಯಾನರ್ ಬೇಕು. ಹೊಗೆ ಕಡಿಮೆಯಾದದ್ದು ಒಳ್ಳೆಯದೇ, ಈ ಊರಿನ ಟ್ರಾಫಿಕ್ಕಿನಲ್ಲಿ ದಿನಾ ನಿಲ್ಲುವ ನಾನು ಅದನ್ನು ಅಲ್ಲಗಳೆಯಲಾರೆ. ಮಾವನಿಗೆ ಮಾತ್ರ ಅರ್ಧ ಕಸುಬು ಕೈಬಿಟ್ಟಂತೆ.

ನಾನು ಲೆಕ್ಕ ಹಾಕಿಕೊಟ್ಟೆ: 300 ಕಿಲೊ ಹೆಚ್ಚು, ಕ್ರೇಟಿಗೆ 25 ಕಿಲೊ ಹಿಡಿದರೆ ಟ್ರಿಪ್ಪಿಗೆ 12 ಕ್ರೇಟಿನ ಬಾಡಿಗೆ ಹೆಚ್ಚು.

“ಲೆಕ್ಕ ಖರೆ ಅದ. ಟಮಾಟಿ ಇಲ್ದಾಗ ಕಂತು ಯಾರು ಕಟ್ಟಬೇಕು?” ಎಂದರು ಮಾವ.

ಅದಕ್ಕೆ ನನ್ನ ಎಕ್ಸೆಲ್ ಶೀಟಿನಲ್ಲಿ ಕಾಲಂ ಇರಲಿಲ್ಲ. ಅವರ ಮಗನಿಗೆ ಹೊಸ ಗಾಡಿ ಬೇಕೇ ಬೇಕು. ಇಲ್ಲವಾದರೆ ಹೈದರಾಬಾದಿನಲ್ಲಿ ಡೆಲಿವರಿ ಕೆಲಸಕ್ಕೆ ಸೇರುತ್ತೇನೆ ಎನ್ನುತ್ತಿದ್ದಾನೆ. ಮಾವ ದೀಪಾವಳಿವರೆಗೆ ಸಮಯ ಕೇಳಿದ್ದಾರೆ. ಈ ಭಾನುವಾರ ಹಳೇ ಗಾಡಿಯೇ ಬರುತ್ತದೆ. ಮಿಯಾಪುರದಲ್ಲಿ ನಾಲ್ಕನೇ ಮಹಡಿಯಿಂದ ಇಬ್ಬರು ಹುಡುಗರ ಸಾಮಾನು ಇಳಿಸುವುದಿದೆ, ಲಿಫ್ಟು ಬೇರೆ ಕೆಟ್ಟಿದೆಯಂತೆ.