ತೇಯ್ದಷ್ಟೂ ತೆಳು

ತೇಯ್ದಷ್ಟೂ ಗಂಧದ ಪರಿಮಳ ಹೆಚ್ಚುತ್ತದೆ ಎಂಬ ಮಾತು ಶಾಲೆಯ ಪ್ರಬಂಧಗಳಲ್ಲಿ ತಪ್ಪದೆ ಬರುತ್ತದೆ. ತೇಯ್ದಷ್ಟೂ ಕೊರಡು ಸವೆಯುತ್ತದೆ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಕಾರಿಗೆ ಮನೆಯಲ್ಲೇ ಪಾಲಿಶ್ ಮಾಡಬೇಕು, ಅದಕ್ಕೊಂದು ಮಶೀನು ಕೊಳ್ಳಬೇಕು ಎಂದು ಹೊರಟವರು ನೆನಪಿಡಬೇಕಾದದ್ದು ಈ ಎರಡನೆಯ ಮಾತನ್ನೇ.

ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕದಲ್ಲಿ ಕಾರಿನ ಹೊಳಪು ಉಳಿಸಿಕೊಳ್ಳುವುದು ಸುಲಭದ ಮಾತಲ್ಲ. ಪಕ್ಕದ ಉಗಾರ ಖುರ್ದದ್ದು 1939ರಲ್ಲಿ ಆರಂಭವಾದ ಸಕ್ಕರೆ ಕಂಪನಿ. ಹಂಗಾಮು ಶುರುವಾಯಿತೆಂದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಗಲು ರಾತ್ರಿ ರಸ್ತೆಗಿಳಿಯುತ್ತವೆ. ಅವುಗಳ ಹಿಂದೆ ಏಳುವ ಧೂಳು ಅಂಗಳದಲ್ಲಿ ನಿಂತ ಕಾರಿನ ಮೇಲೆ ಬಂದು ಕೂರುತ್ತದೆ. ಬೆಳಿಗ್ಗೆ ಯಾರೋ ಒಬ್ಬರು ಹಳೆಯ ಪಂಚೆಯ ತುಂಡಿನಿಂದ ಅದನ್ನು ಒಣಗಿದ್ದಂತೆಯೇ ಒರೆಸುತ್ತಾರೆ. ಧೂಳೆಂದರೆ ಸಣ್ಣ ಸಣ್ಣ ಕಲ್ಲು. ಬಟ್ಟೆಯ ಅಡಿಯಲ್ಲಿ ಅದು ಉಸುಕಿನ ಕಾಗದದ ಕೆಲಸ ಮಾಡುತ್ತದೆ. ಎರಡು ವರ್ಷ ಕಳೆಯುವುದರೊಳಗೆ ಬಿಸಿಲಿನಲ್ಲಿ ಬಾನೆಟ್ ನೋಡಿದರೆ ಸೂರ್ಯನ ಬಿಂಬದ ಸುತ್ತ ಜೇಡರ ಬಲೆ ಕಾಣುತ್ತದೆ.

ಆ ಬಲೆ ನಿಜವಾಗಿ ದುಂಡಗಿರುವುದಿಲ್ಲ. ಗೆರೆಗಳು ಎಲ್ಲ ದಿಕ್ಕಿಗೂ ಎದ್ದಿರುತ್ತವೆ. ಬೆಳಕು ಬೀಳುವ ದಿಕ್ಕಿಗೆ ಅಡ್ಡಲಾದವು ಮಾತ್ರ ಹೊಳೆದು ಕಣ್ಣಿಗೆ ಬೀಳುವುದರಿಂದ ಸುತ್ತುಸುತ್ತಾಗಿ ಕಾಣುತ್ತವೆ. ಬಹಳ ಸಲ ತಿಕ್ಕಿದ ಸ್ಟೀಲಿನ ತಾಟನ್ನು ದೀಪದ ಕೆಳಗೆ ಹಿಡಿದರೂ ಇದೇ ನೋಟ. ನುಣುಪಾದ ಮೈ ಬೆಳಕನ್ನು ಒಂದೇ ಕಡೆಗೆ ಮರಳಿಸುತ್ತದೆ, ಗೀರುಬಿದ್ದ ಮೈ ಚದುರಿಸುತ್ತದೆ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿರುವ ಪ್ರತಿಫಲನದ ಪಾಠ ಇಲ್ಲಿ ಬಾನೆಟ್ ಮೇಲೆಯೇ ಬರೆದಿರುತ್ತದೆ.

ಗೀರು ಹೋಗಲಾಡಿಸುವುದೆಂದರೆ ಅದನ್ನು ತುಂಬುವುದಲ್ಲ. ಗೀರಿನ ಅಕ್ಕಪಕ್ಕದ ದಿಣ್ಣೆಯನ್ನು ಕೆತ್ತಿ ಸಮ ಮಾಡುವುದು. ಉಗಾರದವರಿಗೆ ರೈಲಿನಲ್ಲಿ ಹತ್ತಿರವಾದ ಮೀರಜದಲ್ಲಿ ಸಿತಾರು, ತಂಬೂರಿ ಮಾಡುವ ಮನೆತನಗಳಿವೆ. ಅಲ್ಲಿಯ ಈ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಸಿತಾರಿಗೆ ಅರಗಿನ ಪಾಲಿಶ್ ಹಚ್ಚುವವರು ತೆಳುವಾದ ಪದರದ ಮೇಲೆ ಪದರ ಸೇರಿಸುತ್ತ ಹೋಗುತ್ತಾರೆ. ಕಾರಿನ ಪಾಲಿಶ್ ಇದಕ್ಕೆ ತೀರ ವಿರುದ್ಧ. ಅಲ್ಲಿ ಕೂಡಿಸುವುದು, ಇಲ್ಲಿ ಕಳೆಯುವುದು. ಹೆಸರು ಮಾತ್ರ ಒಂದೇ.

ಕಳೆಯಲು ಇರುವ ಬಂಡವಾಳವಾದರೂ ಎಷ್ಟು? ಇಂದಿನ ಬಹುತೇಕ ಕಾರುಗಳ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತವೆ. ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ ಪಾಲು 40-50 ಮೈಕ್ರಾನ್ ಇದ್ದೀತು, ಅಂದರೆ ತಲೆಗೂದಲಿನ ದಪ್ಪವೂ ಇಲ್ಲ. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಈ ಪದರವೇ. ಒಮ್ಮೆ ಇದು ಹರಿದರೆ ಯಾವ ಪಾಲಿಶ್ ಕೂಡ ಅದನ್ನು ಮರಳಿ ತರಲಾರದು. ಆಮೇಲೆ ಪೇಂಟ್ ಮಾಡಿಸುವುದೊಂದೇ ದಾರಿ.

ಇಷ್ಟು ತಿಳಿದ ಮೇಲೆ ಮಶೀನಿನ ಮಾತು. ಕಾಲೇಜಿಗೆ ಹೋಗುವ ಮಗ, ಹೊಲ ನೋಡಿಕೊಳ್ಳುವ ತಂದೆ, ಸೆಕೆಂಡ್ ಹ್ಯಾಂಡ್ ಕಾರು ಇರುವ ಮನೆಯಲ್ಲಿ ಮಾತು ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ.

“ಮನ್ಯಾಗ ಗ್ರೈಂಡರ್ ಐತಲ್ಲೋ. ಅದಕ್ಕ ಉಣ್ಣಿ ಪ್ಯಾಡ್ ಸಿಗಿಸಿದ್ರ ಆತು. ಮತ್ತೊಂದ ಮಶೀನ್ ಯಾಕ ಬೇಕು?”

“ಅಪ್ಪಾ, ಅದು ಕಬ್ಬಿಣ ಕೊಯ್ಯೂದು. ಗಾಡಿ ಬಣ್ಣ ಉಳಿಯೂದಿಲ್ಲ.”

“ಹೊಸಾದ ತಂದು ಎರಡ ದಿನ ಗಾಡಿ ತಿಕ್ಕತೀರಿ, ಆಮ್ಯಾಲೆ ಅಟ್ಟದ ಮ್ಯಾಲ ಒಗೀತೀರಿ,” ಎಂದು ಅಡುಗೆಮನೆಯಿಂದ ತಾಯಿಯ ತೀರ್ಪು.

ತಂದೆಯ ಉಳಿತಾಯದ ಬುದ್ಧಿ ಸರಿಯಾದದ್ದೇ, ಆದರೆ ಲೆಕ್ಕ ಮಗನ ಕಡೆಗಿದೆ. 4 ಇಂಚಿನ, ಅಂದರೆ 100 ಮಿಲಿಮೀಟರಿನ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ವ್ಯಾಸವನ್ನು 3.14ರಿಂದ ಗುಣಿಸಿ, ಸುತ್ತುಗಳಿಂದ ಗುಣಿಸಿದರೆ ಚಕ್ರದ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರನ್ನು ದಾಟುತ್ತದೆ. ಪಾಲಿಶ್ ಕೆಲಸಕ್ಕೆ ಸಾಮಾನ್ಯವಾಗಿ 1,000ದಿಂದ 2,000 ಸುತ್ತು ಸಾಕು. ಗ್ರೈಂಡರಿನ ವೇಗಕ್ಕೆ ಬಣ್ಣ ಕ್ಷಣದಲ್ಲಿ ಸುಡುತ್ತದೆ, ಆ ವೇಗ ತಾಳದ ಪ್ಯಾಡು ಹರಿದು ಮುಖಕ್ಕೇ ಹಾರಬಹುದು. ಈ ಗ್ರೈಂಡರನ್ನು 1954ರಲ್ಲಿ ಜರ್ಮನಿಯ ಫ್ಲೆಕ್ಸ್ ಕಂಪನಿ ಹೊರತಂದಿತು. ನಮ್ಮಲ್ಲಿ ವನಸ್ಪತಿಗೆಲ್ಲ ಡಾಲ್ಡಾ ಎಂದಂತೆ ಜರ್ಮನರು ಯಾವ ಗ್ರೈಂಡರಿಗೂ ಫ್ಲೆಕ್ಸ್ ಎನ್ನುತ್ತಾರೆ. ಅದೇ ಕಂಪನಿ ಪಾಲಿಶ್ ಮಾಡಲು ಬೇರೆ ಯಂತ್ರಗಳನ್ನೇ ತಯಾರಿಸುತ್ತದೆ ಎಂಬುದನ್ನು ತಂದೆಗೆ ಹೇಳಿದರೆ ಅರ್ಧ ವಾದ ಮುಗಿದಂತೆ.

ಪಾಲಿಶ್ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ರೋಟರಿ. ಬೀಸುವ ಕಲ್ಲು ಗೂಟದ ಸುತ್ತ ತಿರುಗುವಂತೆ ಇದರ ಪ್ಯಾಡು ಒಂದೇ ಅಚ್ಚಿನ ಮೇಲೆ ತಿರುಗುತ್ತದೆ. ಕೆಲಸ ಬೇಗ ಆಗುತ್ತದೆ, ಬಿಸಿಯೂ ಬೇಗ ಏರುತ್ತದೆ. ಎಷ್ಟು ಒತ್ತಿದರೂ ಇದು ತಿರುಗುತ್ತಲೇ ಇರುತ್ತದೆ. ಪಳಗಿದ ಕೈಯಲ್ಲಿ ಅದ್ಭುತ ಸಾಧನ, ಹೊಸ ಕೈಯಲ್ಲಿ ಅಪಾಯ. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಲ್ಲಿ ಬಣ್ಣ ತೆಳುವಾಗಿರುವುದರಿಂದ ಮೊದಲು ಕೆಡುವುದೂ ಅಲ್ಲಿಯೇ.

ಎರಡನೆಯದು ಡ್ಯುಯಲ್ ಆ್ಯಕ್ಷನ್. ಭೂಮಿ ತನ್ನ ಸುತ್ತ ತಾನು ತಿರುಗುತ್ತ ಸೂರ್ಯನನ್ನೂ ಸುತ್ತುವಂತೆ ಇದರ ಪ್ಯಾಡಿಗೆ ಎರಡು ಚಲನೆ. ಒಂದೇ ಜಾಗವನ್ನು ಒಂದೇ ರೀತಿ ಉಜ್ಜದ ಕಾರಣ ಬಿಸಿ ಹರಡಿಹೋಗುತ್ತದೆ. ಇದರ ದೊಡ್ಡ ಗುಣ ಬೇರೆಯೇ ಇದೆ. ಪ್ಯಾಡಿನ ಸ್ವಂತ ತಿರುಗಾಟ ಸಡಿಲವಾಗಿರುವುದರಿಂದ ಅತಿಯಾಗಿ ಒತ್ತಿದರೆ ಅಥವಾ ಓರೆ ಹಿಡಿದರೆ ಆ ತಿರುಗಾಟ ನಿಂತುಬಿಡುತ್ತದೆ. ಅನುಭವಿಗಳು ಇದನ್ನು ದೋಷವೆಂದು ಬೈಯುವುದುಂಟು. ಕಲಿಯುವವನಿಗೆ ಇದೇ ಕಾವಲು. ಪ್ಯಾಡು ಹಿಡಿಯುವ ತಟ್ಟೆಯ ಅಂಚಿನ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದುಕೊಂಡರೆ ಅದು ತಿರುಗುತ್ತಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಗೆರೆ ನಿಂತರೆ ಕೈ ಸಡಿಲಿಸಬೇಕು. ಗೇರ್ ಮೂಲಕ ಬಲವಂತವಾಗಿ ತಿರುಗುವ ಇನ್ನೊಂದು ಬಗೆಯೂ ಉಂಟು. ಅದು ಒತ್ತಿದರೂ ನಿಲ್ಲದು, ಮೊದಲ ಯಂತ್ರವಾಗಿ ಬೇಡ.

ಮನೆಯ ಕೆಲಸಕ್ಕೆ ಡ್ಯುಯಲ್ ಆ್ಯಕ್ಷನ್ ಎಂದು ನಿರ್ಧಾರವಾದರೆ ಅಂಗಡಿಯವ ಥ್ರೋ ಎಷ್ಟಿರಬೇಕು ಎಂದು ಕೇಳುತ್ತಾನೆ. ಪ್ಯಾಡು ಸುತ್ತುವ ಕಕ್ಷೆಯ ಅಗಲವದು. 8, 15, 21 ಮಿಲಿಮೀಟರಿನವು ಸಾಮಾನ್ಯ. 21ರದು ದೊಡ್ಡ ಬಯಲಿನಂಥ ಬಾನೆಟ್ಟಿಗೆ ಹೊಂದುತ್ತದೆ. ಸಣ್ಣ ಕಾರಿನ ಬಾಗು ಬಳುಕುಗಳಿಗೆ 5 ಇಂಚಿನ ತಟ್ಟೆಯ 15 ಅಥವಾ 8ರದು ಸಲೀಸು. ವೇಗ ಹೆಚ್ಚುಕಡಿಮೆ ಮಾಡುವ ಗುಂಡಿ ಇರಲೇಬೇಕು. ಕೊಳ್ಳುವ ಮೊದಲು ಕೈಯಲ್ಲಿ ಐದು ನಿಮಿಷ ಹಿಡಿದು ನಿಲ್ಲಬೇಕು, ಎರಡೂವರೆ ಕಿಲೋ ತೂಕ ಅಂಗಡಿಯಲ್ಲಿ ಹಗುರ, ಮೂರನೆಯ ಬಾಗಿಲಿನ ಹೊತ್ತಿಗೆ ಭಾರ. ಕಾರ್ಬನ್ ಬ್ರಷ್, ತಟ್ಟೆ ಮುಂತಾದ ಬಿಡಿಭಾಗಗಳು ಮೀರಜ, ಸಾಂಗಲಿ ಇಲ್ಲವೇ ಬೆಳಗಾವಿಯಲ್ಲಿ ಸಿಗುತ್ತವೆಯೇ ಎಂದು ಕೇಳಿಕೊಳ್ಳಬೇಕು. ಮೈಮೇಲೆ ಚೌಕದೊಳಗೆ ಚೌಕದ ಗುರುತು ಇದ್ದರೆ ಎರಡು ಪದರದ ವಿದ್ಯುತ್ ನಿರೋಧಕವಿದೆ ಎಂದರ್ಥ. ಹಾಗೆಂದು ತೊಳೆದ ಅಂಗಳದ ನೀರಿನಲ್ಲಿ ನಿಂತು ಪ್ಲಗ್ ಹಾಕಬಾರದು.

ಕೈಯಲ್ಲಿರುವ ಹಣವನ್ನೆಲ್ಲ ಯಂತ್ರಕ್ಕೇ ಸುರಿಯುವುದೂ ಜಾಣತನವಲ್ಲ. ಫೋಮ್ ಪ್ಯಾಡುಗಳು ನಾಲ್ಕಾರು ಬೇಕು, ಕಾಂಪೌಂಡ್ ಮತ್ತು ನವಿರಾದ ಪಾಲಿಶ್ ಬೇಕು, ಒಳ್ಳೆಯ ಮೈಕ್ರೋಫೈಬರ್ ಬಟ್ಟೆ ಬೇಕು. ಗೀರು ಕೆತ್ತುವುದು ಇವೇ. ಯಂತ್ರ ಅವನ್ನು ತಿರುಗಿಸುತ್ತದೆ ಅಷ್ಟೆ.

ಕೆಲಸದ ಕ್ರಮವೂ ಇದೇ ಮಿತವ್ಯಯದ್ದು. ಮೊದಲು ಕಾರನ್ನು ಚೆನ್ನಾಗಿ ತೊಳೆಯಬೇಕು, ನೆರಳಿನಲ್ಲಿ ತಣ್ಣಗಾಗಲು ಬಿಡಬೇಕು, ಏಣು ಮತ್ತು ರಬ್ಬರಿನ ಮೇಲೆ ಟೇಪ್ ಅಂಟಿಸಬೇಕು. ಬಾನೆಟ್ಟಿನ ಒಂದು ಮೂಲೆಯಲ್ಲಿ ಎರಡು ಅಡಿ ಚೌಕದಷ್ಟು ಜಾಗ ಹಿಡಿದು ಎಲ್ಲಕ್ಕಿಂತ ಮೆತ್ತನೆಯ ಪ್ಯಾಡು, ನವಿರಾದ ಪಾಲಿಶ್‌ನಿಂದ ಪರೀಕ್ಷೆ ಮಾಡಬೇಕು. ಅಷ್ಟಕ್ಕೇ ಮುಕ್ಕಾಲು ಗೀರು ಹೋದರೆ ಅಲ್ಲಿಗೇ ನಿಲ್ಲಬೇಕು. ಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಪೂರ್ತಿ ಅಳಿಸಲು ಹೋಗಬಾರದು. ಅದು ಹೋಗುವ ಹೊತ್ತಿಗೆ ಕ್ಲಿಯರ್ ಕೋಟೂ ಹೋಗಿರುತ್ತದೆ. ಹಳೆಯ ಕಾರಿನಲ್ಲಿ ಒರೆಸಿದ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಕ್ಲಿಯರ್ ಕೋಟ್ ಇಲ್ಲದ ಸಾದಾ ಪೇಂಟ್ ಇರಬಹುದು, ಅಥವಾ ಇದ್ದ ಕ್ಲಿಯರ್ ಕೋಟ್ ತೀರಿರಬಹುದು. ಎರಡರಲ್ಲೂ ಕೈ ತಡೆಯುವುದೇ ಲೇಸು. ಬಣ್ಣದ ದಪ್ಪ ಅಳೆಯುವ ಮೀಟರನ್ನು ಗೆಳೆಯರಿಂದಲೋ ಗ್ಯಾರೇಜಿನಿಂದಲೋ ಒಂದು ದಿನಕ್ಕೆ ತಂದರೆ ಒಳ್ಳೆಯದು. ಅದು ಒಟ್ಟು ದಪ್ಪ ಹೇಳುತ್ತದೆಯೇ ಹೊರತು ಕ್ಲಿಯರ್ ಕೋಟೊಂದನ್ನೇ ಬೇರೆ ಮಾಡಿ ಹೇಳದು.

ಮಗನ ಕೈಗೆ ಇಂಥ ಯಂತ್ರ ಕೊಡಬೇಕೋ ಬೇಡವೋ ಎಂಬ ತಂದೆಯ ಅಳುಕು ಕೇವಲ ದುಡ್ಡಿನದಲ್ಲ. ಆ ಕಾರು ಕಬ್ಬಿನ ಬಿಲ್ಲಿನಲ್ಲಿ ಬಂದದ್ದು. ಅಜ್ಜಿಯನ್ನು ಮೀರಜದ ಆಸ್ಪತ್ರೆಗೆ ಒಯ್ಯುವುದೂ ಅದೇ, ಮಗಳನ್ನು ಪರೀಕ್ಷೆಗೆ ಬಿಡುವುದೂ ಅದೇ. ಹಾಗಾಗಿ ಮೊದಲ ದಿನ ಇಡೀ ಕಾರಿನ ಬದಲು ಗ್ಯಾರೇಜಿನಲ್ಲಿ ಬಿದ್ದಿರುವ ಹಳೆಯ ಬಾಗಿಲೊಂದನ್ನು ತಂದು ಅದರ ಮೇಲೆ ಕೈ ಪಳಗಿಸಿಕೊಳ್ಳುವುದು ಇಬ್ಬರಿಗೂ ಸಮಾಧಾನ. ಅಲ್ಲಿ ಬಣ್ಣ ಸುಟ್ಟರೂ ಕಲಿತದ್ದಾಯಿತು. ತಂದೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ತಟ್ಟೆಯ ಮೇಲಿನ ಗೆರೆ ತಿರುಗುತ್ತಿದೆಯೇ ಎಂದು ನೋಡಲು ಇನ್ನೆರಡು ಕಣ್ಣಾದವು.

ಆಮೇಲಿನ ಕೆಲಸ ಯಂತ್ರದ್ದಲ್ಲ, ರೂಢಿಯದು. ಧೂಳನ್ನು ಒಣಬಟ್ಟೆಯಿಂದ ಒರೆಸದೆ ಮೊದಲು ನೀರು ಬಿಟ್ಟು ಇಳಿಸುವುದು, ಸೋಪಿನ ನೀರಿಗೊಂದು, ಕೈಬಟ್ಟೆ ಜಾಲಿಸಲೊಂದು ಎಂದು ಎರಡು ಬಕೆಟ್ ಇಡುವುದು, ಬೋರಿನ ಗಡಸು ನೀರು ಬಿಸಿಲಿಗೆ ಒಣಗಿ ಬಿಳಿ ಕಲೆಯಾಗುವ ಮೊದಲೇ ಒತ್ತಿ ತೆಗೆಯುವುದು. ಇಷ್ಟು ನಡೆದರೆ ಮತ್ತೆ ಪಾಲಿಶ್ ಮಾಡುವ ಪ್ರಸಂಗ ವರ್ಷಗಟ್ಟಲೆ ಬಾರದು. ಯಂತ್ರ ಅಟ್ಟ ಸೇರುತ್ತದೆಂದು ತಾಯಿ ನುಡಿದ ಭವಿಷ್ಯ ಆಗ ನಿಜವಾಗುತ್ತದೆ. ಅಟ್ಟದ ಮೇಲೆ ಅದು ಹೆಚ್ಚು ಕಾಲ ಇದ್ದಷ್ಟೂ ಕಾರಿನ ಬಣ್ಣಕ್ಕೆ ಆಯುಷ್ಯ ಹೆಚ್ಚು.