ಕ್ಯಾಮೇನಹಳ್ಳಿಯ ಹೋರಿಗಳು

ಸಿರಾ ಕೋಟೆಯ ಕಂದಕದ ಬಳಿ ನಿಂತಾಗ ನನಗೆ ನೆನಪಾದದ್ದು ರಾಜರಲ್ಲ, ಎತ್ತುಗಳು. 1761ರಲ್ಲಿ ಹೈದರಾಲಿ ಈ ಕೋಟೆ ಹಿಡಿದ. ಮುಂದೆ ಇಪ್ಪತ್ತು ವರ್ಷಕ್ಕೆ, ಚಿದಂಬರವನ್ನು ಉಳಿಸಿಕೊಳ್ಳಲು ಅವನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಫಿರಂಗಿ ಎಳೆಯುವ ಈ ಸೀಮೆಯ ಎತ್ತುಗಳ ಬಲದಿಂದ! ಟಿಪ್ಪುವಿನ ರಾವುತರಿಗೆ ಕುದುರೆಗಳು ಇದೇ ಜಿಲ್ಲೆಯ ಕುಣಿಗಲ್‌ನಲ್ಲಿ ಬೆಳೆದವು. ಆ ಲಾಯದ ಹೆಸರು ಇಂದಿಗೂ ರೇಸಿನವರ ಬಾಯಲ್ಲಿದೆ. ಎತ್ತುಗಳ ಹೆಸರನ್ನು ಯಾರೂ ಬರೆದಿಡಲಿಲ್ಲ.

ಚಿಕ್ಕದೇವರಾಜ ಒಡೆಯರು ದನ ಸಾಕಲು ಕಟ್ಟಿದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ರಾಸುಗಳು ಅದರಲ್ಲಿ ಬೆರೆತಿದ್ದವು. ಇಲ್ಲಿ ಅವುಗಳ ಬಲ ಕಂಡಿದ್ದ ವೆಲ್ಲಿಂಗ್ಟನ್, ಸ್ಪೇನಿನ ಯುದ್ಧದಲ್ಲಿ ಮೈಸೂರಿನ ಎತ್ತುಗಳಿಲ್ಲವಲ್ಲ ಎಂದು ಹಳಹಳಿಸಿದನಂತೆ. ಇಂಥ ಮಂದೆಯನ್ನು 1860ರಲ್ಲಿ ಖರ್ಚು ಉಳಿಸಲೆಂದು ಮಾರಿಬಿಟ್ಟರು! ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಎತ್ತು ಸಾಲದೆ ಮತ್ತೆ ಕಟ್ಟಬೇಕಾಯಿತು. ತಲೆಮಾರುಗಳ ಆರೈಕೆಯನ್ನು ಲೆಕ್ಕದ ಪುಸ್ತಕ ಹಿಡಿದು ಅಳೆಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಪಾವಗಡದ ತಿರುಮಣಿಯ ಸೌರಫಲಕಗಳನ್ನೂ ಮಧುಗಿರಿಯ ಒಂಟಿ ಬಂಡೆಯನ್ನೂ ನೋಡಿಕೊಂಡು, ರಥಸಪ್ತಮಿಯ ಹೊತ್ತಿಗೆ ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿಗೆ ಬಂದೆ. ಇಲ್ಲಿ ಆಂಜನೇಯನ ಜಾತ್ರೆಯೆಂದರೆ ದನಗಳ ಜಾತ್ರೆ. ಬಯಲು ತುಂಬ ಹಳ್ಳಿಕಾರ್ ಜೋಡಿಗಳು. ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ, ನೇರವಾಗಿ ಹಿಂದಕ್ಕೆ ಸಾಗಿ, ಅರ್ಧದಿಂದ ಮೆಲ್ಲಗೆ ಮುಂದಕ್ಕೆ ಬಾಗುವ ಕೊಂಬು. ಬೂದು ಮೈ, ಹೆಗಲಿಗೆ ಬಂದರೆ ಕಪ್ಪು ಛಾಯೆ. 2000ದಲ್ಲಿ ಅಂಚೆ ಚೀಟಿಯ ಮೇಲೆ ಬಂದ ರೂಪವೇ, ಇಲ್ಲಿ ಉಸಿರಾಡುತ್ತ, ಗೊರಸಿನಿಂದ ಮಣ್ಣು ಕೆದರುತ್ತ ನಿಂತಿದೆ. ದಲ್ಲಾಳಿಗಳು ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಕೊಳ್ಳುವವರು ತುಟಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ಹುಡುಕುತ್ತಾರೆ, ನಡೆಸಿ ನೋಡುತ್ತಾರೆ.

ಪೆಂಡಾಲಿನಡಿ ಒಂದೇ ಒಂದು ಹೋರಿ ಕಟ್ಟಿತ್ತು. ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಗೆಜ್ಜೆ. ಅದರ ಕಣ್ಣೆದುರು ಮಾತೇ ಹೊರಡಲಿಲ್ಲ ನನಗೆ.

"ಎಷ್ಟು ಹಲ್ಲು ಯಜಮಾನ್ರೇ?"

"ಆರು ಹಲ್ಲು ಸ್ವಾಮಿ. ಇದರ ತಾಯೀನೂ ನಮ್ಮ ಕೊಟ್ಟಿಗೇದೇ, ಅಜ್ಜಿನೂ ನಮ್ಮದೇ."

"ಬೆಲೆ?"

"ಕೊಡಾಕಲ್ಲ, ತೋರ್ಸಾಕೆ ತಂದಿರಾದು. ಬೀಜದ ಹೋರಿ ಇದು. ಸುತ್ತ ಹಳ್ಳಿಯವರು ಹಸ ಹೊಡ್ಕೊಂಡು ಬತ್ತಾರೆ."

ಟ್ರ್ಯಾಕ್ಟರು ಬಂದ ಮೇಲೂ ಉಳುಮೆಗೆ ಬೇಕಿಲ್ಲದ ರಾಸನ್ನು ಹುರುಳಿ, ಹಿಂಡಿ ಹಾಕಿ ಸಾಕುವುದೇಕೆಂದು ಕೇಳಿದೆ. ಅವರು ಹೋರಿಯ ಇಣಿಯ ಮೇಲೆ ಕೈಯಾಡಿಸಿದರು.

"ಬರೋ ವರ್ಷ ಇದರ ಕರಗಳ ಜೋಡೀನೇ ತತ್ತೀನಿ. ಬನ್ನಿ, ನಡಿಗೆ ನೋಡೀರಂತೆ."